ಬಿಸಿಲೂರಿನ ಗಾಡಿಗೆ ಯಾವ ಆಯಿಲ್: 30ರ ಗ್ರೇಡೋ, 50ರ ಗ್ರೇಡೋ?

ಸೇಡಂ ರಸ್ತೆ:
ನನ್ನ ಬಳಿ ಏಳು ವರ್ಷದ 100 ಸಿಸಿ ಗಾಡಿಯಿದೆ. ಮೀಟರ್ 68,000 ಕಿ.ಮೀ. ದಾಟಿದೆ. ಕೆಲಸದ ನಿಮಿತ್ತ ವಾರಕ್ಕೆ ಆರು ದಿನ ಕಲಬುರಗಿಯಿಂದ ಸೇಡಂಗೆ ಹೋಗಿಬರುತ್ತೇನೆ, ಎಂದರೆ ದಿನಕ್ಕೆ ನೂರು ಕಿ.ಮೀ.ಗೂ ಹೆಚ್ಚು ಓಡಾಟ. ಕೈಪಿಡಿಯಲ್ಲಿ 10ಡಬ್ಲ್ಯೂ-30, ಜಾಸೋ ಎಂಎ (ಬೈಕಿನ ಆಯಿಲಿಗೆ ಜಪಾನಿನ ಮಾನದಂಡದ ಗುರುತು) ಎಂದು ಬರೆದಿದೆ, ಇಲ್ಲಿಯವರೆಗೆ ಅದನ್ನೇ ಹಾಕಿಸಿದ್ದೇನೆ. ಆದರೆ ಈ ಏಪ್ರಿಲ್‌ನಿಂದ ಮಧ್ಯಾಹ್ನ ಮಳಖೇಡ ದಾಟುವ ಹೊತ್ತಿಗೆ ಎಂಜಿನ್ ತಲೆಯಿಂದ ಟಿಕ್ ಟಿಕ್ ಎಂಬ ಸದ್ದು ಏಳುತ್ತದೆ, ಎರಡನೇ ಗೇರ್ ಬೀಳುವುದೂ ಬಿಗಿಯಾಗಿದೆ. ನಾನು ಗಾಡಿ ಬಿಡುವ ಗ್ಯಾರೇಜಿನವರು, ನಮ್ಮ ಬಿಸಿಲಿಗೆ 30ರ ಆಯಿಲ್ ನೀರಾಗಿಬಿಡುತ್ತದೆ, 20ಡಬ್ಲ್ಯೂ-50 ಹಾಕಿಸಿ ಎನ್ನುತ್ತಾರೆ. ಕೈಪಿಡಿಯ ಮಾತು ನಂಬಬೇಕೋ, ಅವರ ಮಾತು ನಂಬಬೇಕೋ ತಿಳಿಯದಾಗಿದೆ.

ಶಹಾಪುರ ಮಿಸ್ತ್ರಿ:
ಅಣ್ಣ, ನಾನು ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಆದ್ದರಿಂದ ಗ್ಯಾರೇಜಿನವರ ಪರವಾಗಿ ಎರಡು ಮಾತು ಹೇಳುತ್ತೇನೆ. ನಮ್ಮ ಕಡೆ ಬರುವ ಗಾಡಿಗಳ ಪೈಕಿ ಹೆಚ್ಚಿನವು ಎಂಬತ್ತು ಸಾವಿರ, ಲಕ್ಷ ಕಿ.ಮೀ. ಓಡಿದಂಥವು, ಮೂರು ಮಂದಿ ಕೂತು, ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು, 43 ಡಿಗ್ರಿ ಬಿಸಿಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಓಡುತ್ತವೆ. ಅಂಥ ಗಾಡಿಗೆ 20ಡಬ್ಲ್ಯೂ-50 ಹಾಕಿದರೆ ಸದ್ದು ಇಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ. ಇದನ್ನು ನಾನು ಕಿವಿಯಾರೆ ಕೇಳಿ, ಕಣ್ಣಾರೆ ಕಂಡೇ ಹೇಳುತ್ತಿದ್ದೇನೆ. ಕೈಪಿಡಿ ಬರೆದವರು ಹೊಸ ಎಂಜಿನ್ ಮುಂದಿಟ್ಟುಕೊಂಡು ಬರೆದಿದ್ದಾರೆ.

ಎಣ್ಣೆ ಲೆಕ್ಕ:
ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು. ಮಿಸ್ತ್ರಿಯವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ "ಬಿಸಿಲಿಗೆ ನೀರಾಗುತ್ತದೆ" ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಚಳಿಯಲ್ಲಿ ಎಂಜಿನ್ ಶುರುವಾಗುವುದಕ್ಕೆ ಸಂಬಂಧಿಸಿದ್ದು. 10ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೆ, 20ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಇಟ್ಟು ಪರೀಕ್ಷಿಸುತ್ತಾರೆ. ಬೀದರದ ಡಿಸೆಂಬರ್ ನಸುಕಿನಲ್ಲಿ ಕೂಡ ನಮಗೆ ಅಂಥ ಚಳಿಯ ಪ್ರಶ್ನೆಯೇ ಬರುವುದಿಲ್ಲ. ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಮಂದವಾಗಿರುತ್ತದೆ ಎಂಬುದನ್ನು ಹೇಳುತ್ತದೆ: 30ರ ಗ್ರೇಡ್ ಎಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಮಂದತೆಯ ಮಾನ) ಒಳಗೆ, 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಓಡುವ ಎಂಜಿನ್‌ನೊಳಗೆ ಹೇಗಿದ್ದರೂ ನೂರು ಡಿಗ್ರಿಯ ಆಸುಪಾಸಿನ ಕಾವಿರುತ್ತದೆ ಎಂದು ತಿಳಿದೇ ಈ ಅಳತೆ ಗೊತ್ತುಮಾಡಿದ್ದಾರೆ. ಹೊರಗಿನ 43 ಡಿಗ್ರಿ ನಮ್ಮ ಬೆನ್ನಿಗೆ ದೊಡ್ಡದು, ಆಯಿಲಿಗೆ ಅಲ್ಲ.

ಇನ್ನೊಂದು ಮಾತು. ಕ್ಲಾಸಿಕ್ 350ಕ್ಕೆ 15ಡಬ್ಲ್ಯೂ-50, ಪಲ್ಸರ್ ಗಾಡಿಗಳಿಗೆ ಬಹಳ ವರ್ಷ 20ಡಬ್ಲ್ಯೂ-50, ಸ್ಪ್ಲೆಂಡರ್‌ಗೆ 10ಡಬ್ಲ್ಯೂ-30 ಎಂದು ಆಯಾ ಕಂಪನಿಯವರೇ ಹೇಳಿದ್ದಾರೆ. ಮೂರೂ ಇದೇ ದೇಶದ ಬಿಸಿಲಿನಲ್ಲಿ ಓಡುವ ಗಾಡಿಗಳು. ಹಾಗಾದರೆ ಗ್ರೇಡ್ ಗೊತ್ತುಮಾಡಿದ್ದು ಬಿಸಿಲಲ್ಲ, ಎಂಜಿನ್ ಒಳಗಿನ ಸಂದುಗಳ ಅಳತೆ ಮತ್ತು ಪಂಪಿನ ಶಕ್ತಿ.

ಬೀದರ ಕೋಟೆ:
ಸರ್, ನಿಮ್ಮ ಕೊನೆಯ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಹೊರಗಿನ ಬಿಸಿಲು ಆಯಿಲಿಗೆ ಲೆಕ್ಕಕ್ಕೇ ಇಲ್ಲ ಎಂಬುದಕ್ಕೆ ಇಲ್ಲ. ಕಾರಿನಲ್ಲಿ ರೇಡಿಯೇಟರ್ ಇದೆ, ಥರ್ಮೋಸ್ಟಾಟ್ ಇದೆ, ಆದ್ದರಿಂದ ಹೊರಗೆ ಹೇಗಿದ್ದರೂ ಒಳಗಿನ ಕಾವು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇವರದು ಗಾಳಿಯಿಂದಲೇ ತಣಿಯುವ ಎಂಜಿನ್. ಬೀಸುವ ಗಾಳಿಯೇ 30ರ ಬದಲು 43 ಡಿಗ್ರಿಯಿದ್ದು, 13 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಒಳಗಿನ ಆಯಿಲ್ ಕೂಡ ಸರಿಸುಮಾರು ಅಷ್ಟೇ ಹೆಚ್ಚು ಕಾಯುತ್ತದೆ. 100 ಡಿಗ್ರಿಯಲ್ಲಿದ್ದ 30ರ ಆಯಿಲ್ 113ಕ್ಕೆ ಏರಿದರೆ ಅದರ ಮಂದತೆ ಸುಮಾರು ನಾಲ್ಕನೇ ಒಂದು ಭಾಗ ಕುಗ್ಗುತ್ತದೆ, ಎಂದರೆ 10.5 ಇದ್ದದ್ದು 8ರ ಹತ್ತಿರಕ್ಕೆ ಬರುತ್ತದೆ. ಅದೇ ಕಾವಿನಲ್ಲಿ 40ರ ಆಯಿಲ್ 10 ಅಥವಾ 11ರಲ್ಲಿ ನಿಲ್ಲುತ್ತದೆ, ಅಂದರೆ ಕಂಪನಿ ಬಯಸಿದ ಮಂದತೆಗೇ ಬರುತ್ತದೆ. ಮಿಸ್ತ್ರಿಯವರು ಎರಡು ಮೆಟ್ಟಿಲು ಹಾರಿದ್ದಾರೆ, ಅದು ಅತಿಯಾಯಿತು. ಬೇಸಿಗೆಯಲ್ಲಿ ಒಂದು ಮೆಟ್ಟಿಲು ಏರಿ 10ಡಬ್ಲ್ಯೂ-40 ಹಾಕುವುದರಲ್ಲಿ ತಪ್ಪೇನಿದೆ?

ಎಣ್ಣೆ ಲೆಕ್ಕ:
ಗಾಳಿಯಿಂದ ತಣಿಯುವ ಎಂಜಿನ್ ಬಗ್ಗೆ ನೀವು ಹೇಳಿದ್ದು ಸರಿ. ನನ್ನ ಮಾತಿನಲ್ಲಿ ಅವಸರವಿತ್ತು, ಅದನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಮಂದತೆ 8ಕ್ಕೆ ಇಳಿದರೆ ಎಂಜಿನ್‌ಗೆ ಕೇಡಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. 30ರ ಗ್ರೇಡ್ ಎಂದು ಡಬ್ಬಿಯ ಮೇಲೆ ಬರೆಯಬೇಕಾದರೆ ಆ ಆಯಿಲ್ 150 ಡಿಗ್ರಿ ಕಾವಿನಲ್ಲಿ, ಜೋರಾದ ಒರೆತದ ನಡುವೆಯೂ 2.9 ಮಿಲಿಪ್ಯಾಸ್ಕಲ್ ಸೆಕೆಂಡಿಗಿಂತ (ಇದು ಮಂದತೆಯ ಇನ್ನೊಂದು ಮಾನ) ತೆಳ್ಳಗಾಗಕೂಡದು. 113 ಡಿಗ್ರಿ ಆ ಅಂಚಿನಿಂದ ಬಹಳ ದೂರದಲ್ಲಿದೆ. ಅದೂ ಅಲ್ಲದೆ ಇಂಥ ಸಣ್ಣ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸಾಮಾನ್ಯವಾಗಿ ಬಾಲ್ ಬೇರಿಂಗ್ ಮೇಲೆ ತಿರುಗುತ್ತದೆ, ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯಲ್ಲಿ ರೋಲರ್‌ಗಳಿರುತ್ತವೆ. ಕಾರಿನ ಬುಷ್ ಬೇರಿಂಗ್‌ಗಳಂತೆ ಅವು ದಪ್ಪ ಆಯಿಲ್ ಪದರವನ್ನು ಬೇಡುವುದಿಲ್ಲ. ಕಷ್ಟವೆಲ್ಲ ತಲೆಯ ಭಾಗದಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಮತ್ತು ರಾಕರ್‌ಗಳದು, ಅಲ್ಲಿಗೆ ಆಯಿಲ್ ಬೇಗ ಏರಬೇಕು. ಸಂದು ಕಿರಿದಾಗಿರುವ ಎಂಜಿನ್‌ಗೆ 50ರ ಆಯಿಲ್ ಸುರಿದರೆ ಬೆಳಿಗ್ಗೆ ಕಿಕ್ ಹೊಡೆದ ಕ್ಷಣದಲ್ಲಿ ತಡವಾಗುವುದು ಅಲ್ಲಿಯೇ, ಜೊತೆಗೆ ಮೈಲೇಜ್ ಕೂಡ ತುಸು ಇಳಿಯುತ್ತದೆ. 10ಡಬ್ಲ್ಯೂ-40 ಹಾಕುವುದಾದರೆ ನನ್ನ ತಕರಾರಿಲ್ಲ, ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಇರಲಿ.

ಯರಗೋಳ ದಾರಿ:
ಜಾಸೋ ಗುರುತಿನ ವಿಷಯ ಬಂದದ್ದರಿಂದ ನನ್ನ ಪಾಡನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ, ಪಟ್ಟಣದ ಒಂದು ಅಂಗಡಿಯಲ್ಲಿ, ನಾನು ಚಹಾ ಕುಡಿದು ಬರುವಷ್ಟರಲ್ಲಿ ನನ್ನ 125 ಸಿಸಿ ಗಾಡಿಗೆ ಸ್ಕೂಟರ್ ಆಯಿಲ್ ಸುರಿದಿದ್ದರು. ಗ್ರೇಡ್ ಅದೇ 10ಡಬ್ಲ್ಯೂ-30, ಡಬ್ಬಿಯ ಬಣ್ಣವೂ ಹೆಚ್ಚುಕಡಿಮೆ ಅದೇ. ವಾರ ಕಳೆಯುವುದರೊಳಗೆ ಏರು ರಸ್ತೆಯಲ್ಲಿ ಎಕ್ಸಲೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಬದಲಿಸಬೇಕು ಎಂದು ಅದೇ ಅಂಗಡಿಯವರು ಹೇಳಿದರು. ಬೇರೆ ಕಡೆ ತೋರಿಸಿ ಆಯಿಲ್ ಮಾತ್ರ ಬದಲಿಸಿದ ಮೇಲೆ ಗಾಡಿ ಸರಿಹೋಯಿತು, ಪ್ಲೇಟುಗಳ ಖರ್ಚು ಉಳಿಯಿತು.

ಎಣ್ಣೆ ಲೆಕ್ಕ:
ಯರಗೋಳದವರೇ, ನಿಮ್ಮ ಗಾಡಿಗೆ ಬಿದ್ದದ್ದು ಜಾಸೋ ಎಂಬಿ ಇರಬೇಕು. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮೀಯುತ್ತವೆ. ಎಂಜಿನ್‌ಗೆ ಜಾರಿಕೆ ಬೇಕು, ಕ್ಲಚ್ ಪ್ಲೇಟಿಗೆ ಹಿಡಿತ ಬೇಕು. ಸ್ಕೂಟರಿನ ಕ್ಲಚ್ ಆಯಿಲಿನ ಹೊರಗೆ ಒಣಗಿಯೇ ಇರುವುದರಿಂದ ಎಂಬಿ ಆಯಿಲಿನ ಘರ್ಷಣೆ ಕಡಿಮೆಯಿದ್ದರೂ ಅಡ್ಡಿಯಿಲ್ಲ. ಎಂಎ ಆಯಿಲಿಗೆ ಪ್ಲೇಟು ಜಾರದಷ್ಟು ಹಿಡಿತ ಇದೆಯೆಂದು ಪರೀಕ್ಷೆಯಾಗಿರುತ್ತದೆ, ಎಂಎ2 ಎಂದರೆ ಅದರಲ್ಲಿಯೂ ಮೇಲಿನ ಹಂತ. ಇಂಧನ ಉಳಿತಾಯದ ಗುರುತಿರುವ ಕಾರಿನ ಆಯಿಲ್ ಬೈಕಿಗೆ ಹಾಕಬಾರದು ಎನ್ನುವುದೂ ಇದಕ್ಕೇ. ಗ್ರೇಡಿನ ಅಂಕಿಗಿಂತ ಈ ಎರಡಕ್ಷರವನ್ನು ಮೊದಲು ಓದಿರಿ ಎಂಬುದು ನನ್ನ ಅಭಿಪ್ರಾಯ.

ಕೆಂಭಾವಿ ಹೊಲ:
ನಮ್ಮ ಊರಲ್ಲಿ ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯೂ-40 ಆಯಿಲನ್ನೇ ಗಾಡಿಗೂ ಹಾಕುತ್ತಾರೆ. ನಮ್ಮ ಕಾಕಾ ಆರು ವರ್ಷದಿಂದ ಹಾಗೆಯೇ ಓಡಿಸುತ್ತಿದ್ದಾರೆ, ಕ್ಲಚ್ ಜಾರಿಲ್ಲ. ಇದಕ್ಕೇನು ಹೇಳುತ್ತೀರಿ?

ಶಹಾಪುರ ಮಿಸ್ತ್ರಿ:
ತಮ್ಮಾ, ಅಂಥ ಗಾಡಿಗಳು ನನ್ನಲ್ಲಿಗೆ ತಿಂಗಳಿಗೆ ನಾಲ್ಕಾದರೂ ಬರುತ್ತವೆ. ಕ್ಲಚ್ ಜಾರುವುದಿಲ್ಲ, ನಿಜ. ಆದರೆ ಹೆಡ್ ಬಿಚ್ಚಿದಾಗ ವಾಲ್ವ್ ಮೇಲೆ ಬೂದಿಯಂಥ ಬಿಳಿ ಪದರ ಕಟ್ಟಿರುತ್ತದೆ, ಪಿಸ್ಟನ್ ರಿಂಗ್ ಸವೆದು ಆಯಿಲ್ ಉರಿಯುವ ಹಳೆಯ ಗಾಡಿಯಲ್ಲಂತೂ ಇನ್ನೂ ಹೆಚ್ಚು. ಕಾಕಾ ಅವರಿಗೆ ಬೈಕಿನ ಡಬ್ಬಿಯನ್ನೇ ತರಲು ಹೇಳು.

ಎಣ್ಣೆ ಲೆಕ್ಕ:
ಮಿಸ್ತ್ರಿಯವರ ಕಣ್ಣು ಸರಿಯಾಗಿಯೇ ಕಂಡಿದೆ. ಡೀಸೆಲ್ ಆಯಿಲಿನಲ್ಲಿ ಉರಿದು ಬೂದಿಯಾಗುವ ರಾಸಾಯನಿಕಗಳು ಸಾಮಾನ್ಯವಾಗಿ ಹೆಚ್ಚಿರುತ್ತವೆ. ಜಾಸೋದವರು ಬೈಕಿನ ಆಯಿಲಿಗೆ ಬೂದಿಯ ಮಿತಿಯನ್ನು ಶೇಕಡ 1.2 ಎಂದೇ ಹಾಕಿದ್ದಾರೆ.

ಬೀದರ ಕೋಟೆ:
ಮೂಲ ಪ್ರಶ್ನೆಗೆ ಮರಳೋಣ. ಸೇಡಂ ಅಣ್ಣನವರೇ, ಆಯಿಲ್ ಹಾಕಿಸಿ ಎಷ್ಟು ಕಿ.ಮೀ. ಆಯಿತು? ನಡುವೆ ಒಮ್ಮೆಯಾದರೂ ಡಿಪ್‌ಸ್ಟಿಕ್ ತೆಗೆದು ನೋಡಿದ್ದೀರಾ? ಗೇರ್ ಹಲ್ಲುಗಳು ಆಯಿಲಿನಲ್ಲಿರುವ, ಕಾವಿನಲ್ಲಿ ಮಂದತೆ ಕಾಯುವ ಪಾಲಿಮರ್ ಎಳೆಗಳನ್ನು ಅರೆದು ಅರೆದು ತುಂಡರಿಸುತ್ತವೆ, ಆದ್ದರಿಂದ ಹಳೆಯದಾದ ಆಯಿಲ್ ತನ್ನ ಗ್ರೇಡನ್ನೇ ಕಳೆದುಕೊಳ್ಳುತ್ತದೆ. ಗೇರ್ ಬಿಗಿಯಾಗುವುದು ಅದರ ಮೊದಲ ಸೂಚನೆ. ಏರ್ ಫಿಲ್ಟರ್ ಬಗ್ಗೆಯೂ ಕೇಳಬೇಕಾಗಿದೆ. ನೀವು ಓಡಾಡುವ ದಾರಿಯ ಎರಡೂ ಬದಿಗೆ ಸುಣ್ಣದ ಕಲ್ಲಿನ ಗಣಿಗಳು, ಸಿಮೆಂಟ್ ಲಾರಿಗಳು. ಆ ಧೂಳು ಒಳಗೆ ಹೋದರೆ ಯಾವ ಗ್ರೇಡ್ ಹಾಕಿದರೂ ರಿಂಗ್ ಸವೆಯುವುದು ತಪ್ಪದು. ಈಚಿನ ಗಾಡಿಗಳಲ್ಲಿ ಆಯಿಲ್ ಸವರಿದ ಕಾಗದದ ಫಿಲ್ಟರ್ ಇರುತ್ತದೆ. ಅದಕ್ಕೆ ಕಂಪ್ರೆಸರ್ ಗಾಳಿ ಹೊಡೆಯಬಾರದು, ಬದಲಿಸಬೇಕು. ನಮ್ಮ ಕಡೆ ಹೊಡೆಯದ ಗ್ಯಾರೇಜ್ ಒಂದನ್ನೂ ನಾನು ಕಂಡಿಲ್ಲ, ಮಿಸ್ತ್ರಿಯವರು ಸಿಟ್ಟಾಗಬಾರದು.

ಶಹಾಪುರ ಮಿಸ್ತ್ರಿ:
ಸಿಟ್ಟೇನಿಲ್ಲ ಸರ್. ಗಿರಾಕಿಗೆ ಹೊಸ ಫಿಲ್ಟರಿನ ರೊಕ್ಕ ಹೇಳಿದರೆ "ಸುಮ್ಮನೆ ಗಾಳಿ ಹೊಡಿ" ಎಂದು ಅವರೇ ಅನ್ನುತ್ತಾರೆ. ಸೇಡಂ ಅಣ್ಣನವರು ಡಿಪ್‌ಸ್ಟಿಕ್ ನೋಡುವಾಗ ಒಂದು ಎಚ್ಚರ ಇರಲಿ: ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎರಡು ಮೂರು ನಿಮಿಷ ಓಡಿಸಿ, ಬಂದ್ ಮಾಡಿ ಸ್ವಲ್ಪ ತಡೆಯಬೇಕು. ಆಮೇಲೆ ಕಡ್ಡಿಯನ್ನು ಒರೆಸಿ, ತಿರುಪದೆ ಸುಮ್ಮನೆ ತೂತಿನ ಮೇಲೆ ಕೂರಿಸಿ ತೆಗೆದು ನೋಡಬೇಕು. ಅನೇಕರು ತಿರುಪಿ ನೋಡುತ್ತಾರೆ. ಆಗ ಕಡ್ಡಿ ಇನ್ನಷ್ಟು ಕೆಳಗಿಳಿದು, ಕಡಿಮೆಯಿದ್ದ ಆಯಿಲ್ ಕೂಡ ಸಾಕಷ್ಟಿದೆ ಎಂದು ತೋರುತ್ತದೆ.

ಸೇಡಂ ರಸ್ತೆ:
ನಾನು ತಿರುಪಿಯೇ ನೋಡುತ್ತಿದ್ದೆ. ನಿನ್ನೆ ಸಂಜೆ ಮಿಸ್ತ್ರಿಯಣ್ಣ ಹೇಳಿದಂತೆ ನೋಡಿದೆ, ಕಡ್ಡಿಯ ತುದಿಗೂ ಆಯಿಲ್ ತಾಗಲಿಲ್ಲ. ಗಾಬರಿಯಾಗಿ, ಎಂಜಿನ್ ಬೆಚ್ಚಗಿರುವಾಗಲೇ ಕೆಳಗಿನ ಬೋಲ್ಟ್ ಬಿಚ್ಚಿ, ಅಳತೆಯ ಗುರುತಿರುವ ಡಬ್ಬಿಯೊಂದಕ್ಕೆ ಇಳಿಸಿದೆ. ಹಾಕಿಸಿದ್ದು 900 ಎಂ.ಎಲ್., ಅರ್ಧ ಗಂಟೆ ಕಾದರೂ ಇಳಿದದ್ದು 550. ಬೆರಳಿಗೆ ಹಚ್ಚಿ ನೋಡಿದರೆ ಸೀಮೆಎಣ್ಣೆಯಷ್ಟು ತೆಳ್ಳಗಿತ್ತು. ಹಾಕಿಸಿ 4,700 ಕಿ.ಮೀ. ಆಗಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಹೊಸ ವಾಷರ್ ಹಾಕಿ, 10ಡಬ್ಲ್ಯೂ-30 ಎಂಎ2 ತುಂಬಿಸಿ, ಏರ್ ಫಿಲ್ಟರನ್ನೂ ಬದಲಿಸಿದೆ. ಇಂದು ಮಧ್ಯಾಹ್ನ ಮಳಖೇಡದವರೆಗೆ ಹೋಗಿಬಂದೆ: ಗೇರ್ ಮೆತ್ತಗೆ ಬೀಳುತ್ತಿದೆ, ಟಿಕ್ ಟಿಕ್ ಅರ್ಧದಷ್ಟು ಇಳಿದಿದೆ, ಪೂರ್ತಿ ಹೋಗಿಲ್ಲ.

ಶಹಾಪುರ ಮಿಸ್ತ್ರಿ:
ಉಳಿದರ್ಧ ಟ್ಯಾಪೆಟ್ಟಿನದು, ಎಂದರೆ ವಾಲ್ವ್ ತಳ್ಳುವ ಕಡೆಯ ಸಂದಿನದು, ಅದನ್ನು ದಪ್ಪ ಆಯಿಲಿನಿಂದ ಮುಚ್ಚುವುದು ಬೇಡ ಎಂದು ಈಗ ನಾನೇ ಹೇಳುತ್ತೇನೆ. ಎಂಜಿನ್ ತಣ್ಣಗಿರುವಾಗ ಗೇಜ್ ಇಟ್ಟು ಸಂದು ಸರಿಮಾಡಿಸಿ. ಆದರೆ 350 ಎಂ.ಎಲ್. ಹೋಗಿದ್ದೆಲ್ಲಿಗೆ? ಕೆಳಗೆ ಸೋರಿದ ಕಲೆ ಇಲ್ಲದಿದ್ದರೆ ಉರಿದಿದೆ ಎಂದೇ ಅರ್ಥ. ಸಾವಿರ ಕಿ.ಮೀ.ಗೊಮ್ಮೆ ಕಡ್ಡಿ ನೋಡಿ ಬರೆದಿಟ್ಟುಕೊಳ್ಳಿ. ಮುಂದಿನ ಸಲವೂ ಇಷ್ಟೇ ಕಡಿಮೆಯಾದರೆ ರಿಂಗ್ ಬದಲಿಸುವ ತನಕ 40ರ ಗ್ರೇಡ್ ಹಾಕಿ ಓಡಿಸಿ. ಅಲ್ಲಿಗೆ ಬೀದರದ ಸರ್ ಅವರ ಮಾತೂ ನಡೆದಂತಾಗುತ್ತದೆ.

ಸೇಡಂ ರಸ್ತೆ:
ಸೈಲೆನ್ಸರ್ ತುದಿಯಲ್ಲಿ ಜಿಡ್ಡು ಮಸಿ ಇದೆ, ನೆಲದ ಮೇಲೆ ಕಲೆ ಇಲ್ಲ. ಭಾನುವಾರ ಟ್ಯಾಪೆಟ್ ಮಾಡಿಸುತ್ತೇನೆ. ಕಡ್ಡಿಯ ಲೆಕ್ಕ ಇಂದಿನಿಂದಲೇ ಶುರು: 68,412 ಕಿ.ಮೀ., ಮೇಲಿನ ಗೆರೆ.