ಟಬ್ ಖಾಲಿ, ಪಂಪ್ ಓಡ್ತಾನೇ ಇದೆ, ಸ್ಪಿನ್ ಮಾತ್ರ ಇಲ್ಲ

ಒದ್ದೆಬಟ್ಟೆ:

7 ಕೆ.ಜಿ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಬೆಲ್ಟ್ ಇರೋ ಮಾಡೆಲ್, ಆರು ವರ್ಷ ಹಳೇದು. ಒಗೆಯೋದು, ಜಾಲಿಸೋದು ಎರಡೂ ಸರಿಯಾಗೇ ಆಗುತ್ತೆ. ಕೊನೇ ಸ್ಪಿನ್ ಹತ್ರ ಬಂದಾಗ ಡಿಸ್‌ಪ್ಲೇ 9 ನಿಮಿಷ ತೋರಿಸಿ ಅಲ್ಲೇ ನಿಂತುಬಿಡುತ್ತೆ. ಪಂಪ್ ಗೊರಗೊರ ಅಂತ ಓಡ್ತಾನೇ ಇರುತ್ತೆ, ಐದಾರು ನಿಮಿಷ ಆದ್ಮೇಲೆ ಡ್ರೈನ್ ಎರರ್ ಬಂದು ಕೂಗುತ್ತೆ. ಬಾಗಿಲು ತೆಗೆದರೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತೆ, ಆದರೆ ಡ್ರಮ್ ತಳದಲ್ಲಿ ನಿಂತ ನೀರಿಲ್ಲ.

ಕೆಳಗಿನ ಫಿಲ್ಟರ್ ತೆಗೆದು ತೊಳೆದಾಯ್ತು. ಒಂದು ಗುಂಡಿ, ಎರಡು ಹೇರ್‌ಪಿನ್ ಸಿಕ್ತು. ಬಟ್ಟೆ ಹಾಕದೆ ಬರೀ ಸ್ಪಿನ್ ಇಟ್ಟರೂ ಇದೇ ಕಥೆ. ಪ್ರತಿ ಸಲವೂ ಅಲ್ಲ, ಹತ್ತರಲ್ಲಿ ಏಳು ಸಲ. ನೋಡೋಕೆ ಬಂದ ಮೆಕ್ಯಾನಿಕ್ ಬೋರ್ಡ್ (ಮೆಷಿನ್ ನಡೆಸೋ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಬದಲಿಸಬೇಕು ಅಂದರು. ಅದಕ್ಕೆ ಮುಂಚೆ ನಾನೇ ಏನೇನು ನೋಡಬಹುದು? ಮಲ್ಟಿಮೀಟರ್ ಇದೆ, ಬಳಸೋಕೂ ಬರುತ್ತೆ.

ತಿರುಪುಮೊಳೆ:

ಬೋರ್ಡ್ ಕಡೇ ಮಾತು. ಡ್ರೈನ್ ಎರರ್ ಹಿಂದೆ ಎರಡು ಬೇರೆ ಕಾಯಿಲೆ ಇರಬಹುದು. ಒಂದು, ನೀರು ನಿಜವಾಗಿಯೂ ಹೋಗ್ತಿಲ್ಲ. ಇನ್ನೊಂದು, ನೀರು ಹೋಗಿದೆ, ಅದು ಮೆಷಿನ್‌ಗೆ ಗೊತ್ತಾಗಿಲ್ಲ. ಎರಡಕ್ಕೂ ಡಿಸ್‌ಪ್ಲೇಯಲ್ಲಿ ಬರೋ ಕೋಡ್ ಒಂದೇ. ಅದಕ್ಕೇ ಜನ ಪಂಪ್ ಬದಲಿಸ್ತಾರೆ, ಆಮೇಲೆ ಬೋರ್ಡ್ ಬದಲಿಸ್ತಾರೆ, ಕಾಯಿಲೆ ಇದ್ದಲ್ಲೇ ಇರುತ್ತೆ.

ಮೊದಲು ಬಕೆಟ್ ಪರೀಕ್ಷೆ ಮಾಡಿ. ಜಾಲಿಸುವ ಹಂತದಲ್ಲಿ ನೀರು ತುಂಬಿಸಿಕೊಂಡು, ನಿಲ್ಲಿಸಿ, ಡ್ರೈನ್ ಕೊಡಿ. ಹೊರಗಿನ ಪೈಪಿನ ತುದಿ 10 ಲೀಟರ್ ಬಕೆಟ್‌ನಲ್ಲಿರಲಿ. ಬಕೆಟ್ ನೆಲದ ಮೇಲಿಟ್ಟರೆ ಲೆಕ್ಕ ತಪ್ಪುತ್ತೆ, ಪಂಪ್ ಸತ್ತಿದ್ದರೂ ನೀರು ತಾನಾಗೇ ಇಳಿದುಬರುತ್ತೆ. ಸ್ಟೂಲ್ ಮೇಲಿಟ್ಟು, ಪೈಪಿನ ತುದಿ ಯಾವಾಗಲೂ ಇರೋ ಎತ್ತರದಲ್ಲೇ ಇರೋ ಹಾಗೆ ಹಿಡಿಯಿರಿ. ಹತ್ತು ಲೀಟರ್ ಒಂದು ನಿಮಿಷದೊಳಗೆ ಬಂದರೆ ಪಂಪ್, ಫಿಲ್ಟರ್, ಪೈಪ್ ಮೂರೂ ಸರಿ ಇವೆ.

ಬರಲಿಲ್ಲ ಅಂದ್ರೆ ಪ್ಲಗ್ ಕಿತ್ತು ಫಿಲ್ಟರ್ ಗೂಡೊಳಗೆ ಟಾರ್ಚ್ ಹಾಕಿ ನೋಡಿ. ಹಿಂದುಗಡೆ ಪಂಪಿನ ಫ್ಯಾನ್ ಕಾಣುತ್ತೆ. ಬೆರಳಲ್ಲಿ ತಿರುಗಿಸಿದಾಗ ತಡೆತಡೆದು, ಹಲ್ಲು ಸಿಕ್ಕಿದ ಹಾಗೆ ತಿರುಗಿದರೆ ಚಿಂತೆ ಬೇಡ, ಒಳಗಿರೋದು ಕಾಯಂ ಅಯಸ್ಕಾಂತ, ಅದರ ಗುಣವೇ ಹಾಗೆ. ಸಲೀಸಾಗಿ ಬುಗುರಿ ಥರ ಸುತ್ತಿದರೆ ಫ್ಯಾನ್ ಶಾಫ್ಟ್‌ನಿಂದ ಬಿಟ್ಟಿದೆ ಅಂತ ಅರ್ಥ. ಅಂಥ ಪಂಪ್ ಗುಂಯ್ ಅನ್ನುತ್ತೆ, ಓಮ್ ಅಳತೆಯೂ ಸರಿಯಾಗಿ ಬರುತ್ತೆ, ನೀರು ಮಾತ್ರ ಎತ್ತಲ್ಲ. ಎರಡು ವೈರಿನ 230 ವೋಲ್ಟ್ ಪಂಪುಗಳ ಕಾಯಿಲ್ ಸಾಮಾನ್ಯವಾಗಿ 150ರಿಂದ 200 ಓಮ್ ಆಸುಪಾಸು ತೋರಿಸುತ್ತೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ.

ಒದ್ದೆಬಟ್ಟೆ:

ಸ್ಟೂಲ್ ಮೇಲಿಟ್ಟೇ ನೋಡಿದೆ. 40 ಸೆಕೆಂಡಿಗೆ ಬಕೆಟ್ ತುಂಬ್ತು. ಅಲ್ಲಿಗೆ ಪಂಪ್ ಸರಿ ಇದೆ ಅಂತಾಯ್ತಲ್ಲ?

ಗಾಳಿಕೊಳವೆ:

ಸರಿ ಇದೆ. ಆ ಗೊರಗೊರ ಸದ್ದೂ ಅದನ್ನೇ ಹೇಳ್ತಿತ್ತು: ನೀರು ಮುಗಿದ ಮೇಲೆ ಪಂಪ್ ಗಾಳಿ ಕುಡಿಯೋ ಸದ್ದು ಅದು. ನಿಮ್ಮದು ಎರಡನೇ ಕಾಯಿಲೆ, ಪ್ರೆಶರ್ ಸೆನ್ಸರ್ ಕಡೆಯದು.

ಅದು ಕೆಲಸ ಮಾಡೋದು ಹೀಗೆ. ಟಬ್ಬಿನ (ಡ್ರಮ್ ಸುತ್ತ ಇರೋ, ನೀರು ಹಿಡಿಯೋ ಹೊರ ತೊಟ್ಟಿ) ತಳದ ಪಕ್ಕದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಗೂಡು, ಅದರ ನೆತ್ತಿಯಿಂದ ಪೆನ್ಸಿಲ್ ದಪ್ಪದ ರಬ್ಬರ್ ಕೊಳವೆ ಮೇಲಕ್ಕೆ ಹೋಗಿ ಸೆನ್ಸರ್‌ಗೆ ಸೇರುತ್ತೆ. ಟಬ್ಬಿಗೆ ನೀರು ಬಂದಂತೆ ಗೂಡಿನ ಗಾಳಿ ಅದುಮಿಕೊಳ್ಳುತ್ತೆ, ಸೆನ್ಸರ್ ಆ ಒತ್ತಡ ಓದುತ್ತೆ. ಒತ್ತಡ ಎಷ್ಟು ಅಲ್ಪ ಅಂದ್ರೆ, 10 ಸೆಂ.ಮೀ. ನೀರಿಗೆ ಸುಮಾರು 1 ಕಿಲೋಪಾಸ್ಕಲ್, ಅಷ್ಟೇ. ಗೂಡಿನ ಬಾಯಿಗೆ ಸೋಪಿನ ಗಸಿ ಕಟ್ಟಿಕೊಂಡರೆ ನೀರು ಇಳಿದರೂ ಮೇಲಿನ ಗಾಳಿ ಅದುಮಿದಂತೆಯೇ ಸಿಕ್ಕಿಬೀಳುತ್ತೆ. ಸೆನ್ಸರ್ ಲೆಕ್ಕದಲ್ಲಿ ಟಬ್ಬು ಇನ್ನೂ ತುಂಬಿದೆ. ನೀರಿದ್ದಾಗ ಯಾವ ಮೆಷಿನ್ನೂ ಜೋರಾಗಿ ಸುತ್ತಲ್ಲ, ಸುತ್ತಲೂಬಾರದು. ಹತ್ತರಲ್ಲಿ ಮೂರು ಸಲ ಸರಿಹೋಗುತ್ತೆ ಅಂದ್ರಲ್ಲ, ಗಸಿಯ ಪದರ ಆಗೊಮ್ಮೆ ಈಗೊಮ್ಮೆ ಬಿರುಕು ಬಿಟ್ಟು ಗಾಳಿ ಬಿಡುತ್ತೆ. ಬೋರ್ಡ್ ಹೋದರೆ ಇಷ್ಟು ಅಚ್ಚುಕಟ್ಟಾಗಿ ಈ ಒಂದೇ ಜಾಗದಲ್ಲಿ ನಿಲ್ಲೋದು ಅಪರೂಪ.

ಖಾತ್ರಿ ಮಾಡ್ಕೊಳ್ಳೋದು ಸುಲಭ. ಎರರ್ ಬಂದು ನಿಂತಾಗ, ಟಬ್ಬು ಖಾಲಿ ಇರುವಾಗಲೇ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಬೋರ್ಡ್ ಮೇಲಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ. ಹಿಂದಿನ ಎರಡು ಸ್ಕ್ರೂ ಬಿಚ್ಚಿ ಮೇಲಿನ ಹಲಗೆಯನ್ನ ಒಂದೆರಡು ಸೆಂ.ಮೀ. ಹಿಂದಕ್ಕೆ ತಳ್ಳಿ ಎತ್ತಿ. ಪಕ್ಕದ ತಗಡಿನ ಮೇಲ್ಭಾಗದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಅಥವಾ ದುಂಡಗಿನ ಪ್ಲಾಸ್ಟಿಕ್ ಭಾಗ, ಅದಕ್ಕೆ ಒಂದು ತೆಳು ಕೊಳವೆ, ಎರಡು ಮೂರು ವೈರು ಇದ್ದರೆ ಅದೇ ಸೆನ್ಸರ್. ಕೊಳವೆ ಎಳೆದು ತೆಗೆಯಿರಿ, ಪುಸ್ ಅಂದರೆ ಅರ್ಧ ಉತ್ತರ ಸಿಕ್ಕಂತೆ. ಕೊಳವೆ ಹಾಗೇ ಬಿಟ್ಟು ಹಲಗೆ ಮುಚ್ಚಿ, ಆಮೇಲೆ ಪ್ಲಗ್ ಹಾಕಿ ಬರೀ ಸ್ಪಿನ್ ಕೊಡಿ. ಪೂರ್ತಿ ವೇಗಕ್ಕೆ ಹೋದರೆ ಮುಗೀತು.

ಒಂದು ಎಚ್ಚರಿಕೆ: ಕೊಳವೆ ಕಳಚಿದ್ದಾಗ ನೀರು ತುಂಬಿಸೋ ಪ್ರೋಗ್ರಾಂ ಅಪ್ಪಿತಪ್ಪಿಯೂ ಹಾಕಬೇಡಿ. ಸೆನ್ಸರ್‌ಗೆ ನೀರು ಬಂದದ್ದೇ ತಿಳಿಯಲ್ಲ, ತುಂಬಿಸ್ತಾನೇ ಹೋಗುತ್ತೆ. ಮೊದಲೇ ನಲ್ಲಿ ತಿರುಗಿಸಿ ನಿಲ್ಲಿಸಿಬಿಡಿ.

ಒದ್ದೆಬಟ್ಟೆ:

ಪುಸ್ ಅಂತು! ಹಲಗೆ ಮುಚ್ಚಿ ಸ್ಪಿನ್ ಕೊಟ್ಟೆ, ಪೂರ್ತಿ ವೇಗಕ್ಕೆ ಹೋಯ್ತು. ಈಗ ಗೂಡು ಬಿಚ್ಚದೆ ಮೇಲಿಂದಲೇ ಕೊಳವೆಗೆ ಊದಿದರೆ ಸಾಕಾಗಲ್ವಾ?

ಗಾಳಿಕೊಳವೆ:

ಊದಿದರೆ ಗಸಿಯಲ್ಲಿ ತೂತು ಬೀಳುತ್ತೆ, ಗಸಿ ಹೋಗಲ್ಲ. ಒಂದೆರಡು ವಾರಕ್ಕೆ ಮತ್ತೆ ಇದೇ ಗೋಳು. ಊದೋದಿದ್ದರೂ ಟಬ್ಬಿನ ಕಡೆಗೆ ಮಾತ್ರ, ಸೆನ್ಸರ್ ಕಡೆಗೆ ಬೇಡ. ಬಾಯಿಂದ ಜೋರಾಗಿ ಊದೋ ಒತ್ತಡ ಅದು ದಿನಾ ಓದೋದರ ಹಲವು ಪಟ್ಟು ಇರುತ್ತೆ, ಒಳಗಿನ ತೆಳು ಪೊರೆ ಹಾಳಾಗಬಹುದು.

ಗೂಡೇ ಬಿಚ್ಚಿ. ಕೆಲವು ಮಾಡೆಲ್‌ನಲ್ಲಿ ಹಿಂದಿನ ತಗಡು ತೆಗೆದರೆ ಸಿಗುತ್ತೆ, ಕೆಲವದರಲ್ಲಿ ಮೆಷಿನ್ ಓರೆ ಮಾಡಿ ಕೆಳಗಿಂದ. ಓರೆ ಮಾಡೋಕೆ ಮುಂಚೆ ಫಿಲ್ಟರ್ ತೆಗೆದು ಉಳಿದ ನೀರು ಬಸಿಯಿರಿ. ಇಬ್ಬರು ಬೇಕು, ಮುಂಭಾಗದಲ್ಲಿ ಕಾಂಕ್ರೀಟ್ ತೂಕ ಇರುತ್ತೆ. ಗೂಡು ಹಿಡಿದಿರೋದು ಒಂದು ಸ್ಕ್ರೂ ಅಥವಾ ತಂತಿ ಕ್ಲಿಪ್. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಹಾಕಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಬಾಯಿ ಉಜ್ಜಿ. ಗೂಡು ಕೂರೋ ಟಬ್ಬಿನ ತೂತಿಗೂ ಬೆರಳು ಹಾಕಿ, ಅಲ್ಲೂ ಅಷ್ಟೇ ಗಸಿ ಇರುತ್ತೆ. ಕೊಳವೆಯ ಒಂದು ತುದಿ ಮುಚ್ಚಿ, ನೀರೊಳಗೆ ಮುಳುಗಿಸಿ, ಇನ್ನೊಂದು ತುದಿಯಿಂದ ಊದಿ. ಗುಳ್ಳೆ ಬಂದರೆ ಬದಲಿಸಿ, ಸೋರೋ ಕೊಳವೆ ಮೆಷಿನ್‌ಗೆ ನೀರು ಕಡಿಮೆ ಇದೆ ಅಂತ ಸುಳ್ಳು ಹೇಳುತ್ತೆ. ಕೂರಿಸೋ ಮುಂಚೆ ಒಳಗಿನ ನೀರು ಪೂರ್ತಿ ಝಾಡಿಸಿ ಒಣಗಿಸಿ. ಕೊಳವೆಯ ಬಳುಕಿನಲ್ಲಿ ಒಂದು ಹನಿ ನಿಂತರೂ ಓದುವಿಕೆ ತಪ್ಪುತ್ತೆ.

ಸವಕಲುಬ್ರಷ್:

ಹುಡುಕಿಕೊಂಡು ಬರೋರಿಗೆ ಒಂದು ಮಾತು. ಮೇಲಿನದೆಲ್ಲ ಡ್ರೈನ್ ಎರರ್ ಬರೋರಿಗೆ. ಎರರ್ ಇಲ್ಲದೆ, ಡ್ರಮ್ ಎರಡು ಮೂರು ಸಲ ಸುತ್ತೋಕೆ ನೋಡಿ ಸೋತು ನಿಂತರೆ ಅದು ಬಟ್ಟೆಯ ತೂಕ ಒಂದೇ ಕಡೆ ಸೇರೋ ತೊಂದರೆ. ಒಂಟಿ ಬೆಡ್‌ಶೀಟ್ ಹಾಕಿದಾಗ ಹೀಗಾಗೋದು ಸಹಜ. ದಿನದ ಬಟ್ಟೆಗೂ ಆದರೆ ಡ್ರಮ್ ಕೆಳಕ್ಕೆ ಒತ್ತಿ ಬಿಟ್ಟು ನೋಡಿ. ಒಂದು ಸಲ ಮೇಲೆ ಬಂದು ನಿಲ್ಲಬೇಕು, ತೊಟ್ಟಿಲಿನ ಹಾಗೆ ತೂಗಿದರೆ ಶಾಕ್ ಅಬ್ಸಾರ್ಬರ್ ಸವೆದಿದೆ. ಡ್ರಮ್ಮಿನ ಅಂಚು ಹಿಡಿದು ಎತ್ತಿದಾಗ ಟಬ್ಬು ಅಲ್ಲಾಡದೆ ಡ್ರಮ್ ಒಂದೇ ಆಡಿದರೆ ಬೇರಿಂಗ್.

ಡ್ರಮ್ ಸುತ್ತೋಕೆ ಪ್ರಯತ್ನವೇ ಮಾಡದಿದ್ದರೆ ಬೆಲ್ಟ್ ನೋಡಿ, ಆಮೇಲೆ ಮೋಟಾರಿನ ಕಾರ್ಬನ್ ಬ್ರಷ್ (ಸುತ್ತೋ ಭಾಗಕ್ಕೆ ಕರೆಂಟ್ ಮುಟ್ಟಿಸೋ, ಸವೆಯೋ ತುಂಡು). ಬ್ರಷ್ ಬದಲಿಸಿದರೆ ಜೋಡಿಯಾಗೇ ಬದಲಿಸಿ. ಬೆಲ್ಟ್ ಇಲ್ಲದೆ ಮೋಟಾರೇ ನೇರವಾಗಿ ಡ್ರಮ್ ಸುತ್ತಿಸೋ ಡೈರೆಕ್ಟ್ ಡ್ರೈವ್ ಮೆಷಿನ್‌ಗಳಲ್ಲಿ ಬ್ರಷ್ ಇರಲ್ಲ, ಹುಡುಕಬೇಡಿ.

ಒದ್ದೆಬಟ್ಟೆ:

ಗೂಡು ಬಿಚ್ಚಿದೆ. ಬೂದು ಬಣ್ಣದ, ಬೆಣ್ಣೆಯ ಹಾಗೆ ಜಿಡ್ಡು ಜಿಡ್ಡಾದ ಮುದ್ದೆ, ಒಳಗೆ ನೂಲೆಳೆ ಬೇರೆ. ಎರಡು ಚಮಚ ಬಂತು. ಈಗ ಸತತ ಆರು ಸಲ ಸ್ಪಿನ್ ಸರಿಯಾಗಿದೆ. ಇದು ಕಟ್ಟೋದಾದರೂ ಯಾಕೆ? ಬಳಸೋದು ಲಿಕ್ವಿಡ್, ಯಾವಾಗಲೂ ತಣ್ಣೀರು, ಜತೆಗೆ ಸಾಫ್ಟ್‌ನರ್. ವಿನೆಗರ್ ಹಾಕಿ ಓಡಿಸಿದರೆ ಹೋಗುತ್ತೆ ಅಂತಾರಲ್ಲ?

ತಿರುಪುಮೊಳೆ:

ಕಾರಣ ನೀವೇ ಪಟ್ಟಿ ಮಾಡಿಬಿಟ್ಟಿದ್ದೀರಿ. ಮೈ ಜಿಡ್ಡು ತಣ್ಣೀರಿಗೆ ಪೂರ್ತಿ ಕರಗಲ್ಲ, ಸಾಫ್ಟ್‌ನರ್ ಅನ್ನೋದು ಸ್ವತಃ ಜಿಡ್ಡಿನಂಥ ಪದಾರ್ಥ, ಎರಡೂ ಸೇರಿ ನೀರು ರಭಸವಾಗಿ ಹರಿಯದ ಮೂಲೆಯಲ್ಲಿ ಕೂರುತ್ತವೆ. ಆ ಗೂಡು ಅಂಥದೇ ಮೂಲೆ.

ವಿನೆಗರ್ ಬೇಡ. ಹುಳಿ ಕರಗಿಸೋದು ಗಡಸು ನೀರಿನ ಬಿಳಿ ಉಪ್ಪನ್ನ, ಜಿಡ್ಡನ್ನಲ್ಲ. ಜಿಡ್ಡಿಗೆ ಬೇಕಾದ್ದು ಬಿಸಿ ಮತ್ತು ಪುಡಿ. ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ, ಫ್ರಂಟ್ ಲೋಡ್‌ಗೆಂದೇ ಮಾಡಿದ, ಆಕ್ಸಿಜನ್ ಬ್ಲೀಚ್ ಇರುವ ಪುಡಿ ಹಾಕಿ 60 ಡಿಗ್ರಿ ಅಥವಾ ಮೇಲೆ ಓಡಿಸಿ. ಲಿಕ್ವಿಡ್‌ನಲ್ಲಿ ಆ ಬ್ಲೀಚ್ ಇರಲ್ಲ, ದ್ರವದಲ್ಲಿ ಅದು ಉಳಿಯೋದೇ ಇಲ್ಲ. ಕೈಯಲ್ಲಿ ಒಗೆಯೋ ಪುಡಿ ಬೇಡ, ನೊರೆ ಉಕ್ಕಿ ಪಂಪಿನಲ್ಲಿ ಸಿಕ್ಕಿಕೊಂಡು ಮತ್ತೆ ಡ್ರೈನ್ ಎರರ್ ಬರುತ್ತೆ.

ಹೀಟರಿಗೆ ಉಪ್ಪು ಕಟ್ಟಿದ್ದರೆ ಅದಕ್ಕೆ ಬೇರೆ ದಿನ, 100 ಗ್ರಾಂ ಸಿಟ್ರಿಕ್ ಆಸಿಡ್ ಡ್ರಮ್‌ಗೆ ಹಾಕಿ 60 ಡಿಗ್ರಿಯಲ್ಲಿ. ಅದರ ಜತೆ ಕ್ಲೋರಿನ್ ಬ್ಲೀಚ್ ಹಾಕಲೇಬೇಡಿ, ವಿಷಗಾಳಿ ಏಳುತ್ತೆ.

ಗಾಳಿಕೊಳವೆ:

ಹಲಗೆ ಪೂರ್ತಿ ತಿರುಪಿ ಕೂರಿಸೋ ಮುಂಚೆ ಇನ್ನೊಂದು ನೋಡಿ. ಕೊಳವೆ ತಗಡಿನ ಕ್ಲಿಪ್ಪಿಗೆ ಮತ್ತೆ ಸಿಕ್ಕಿಸಿದ್ದೀರಾ? ಸಡಿಲ ಬಿಟ್ಟರೆ ಸ್ಪಿನ್ ಅದುರಿಗೆ ಟಬ್ಬಿಗೆ ತಾಗಿ ಉಜ್ಜಿ ತೂತು ಬೀಳುತ್ತೆ.

ಒದ್ದೆಬಟ್ಟೆ:

ಸಿಕ್ಕಿಸಿರಲಿಲ್ಲ. ಈಗಲೇ ಬಿಚ್ಚಿ ಹಾಕ್ತೀನಿ.