ಏಲಕ್ಕಿ ತಿಂದರೆ ಬಿಪಿ ಮಾತ್ರೆ ಬಿಡಬಹುದಾ?

ದಾವಣಗೆರೆ ಸೊಸೆ:
ನಮ್ಮ ಅತ್ತೆಗೆ 64 ವರ್ಷ. ಆರು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದಾರೆ. ಹೋದ ವಾರ ವಾಟ್ಸಾಪ್‌ನಲ್ಲಿ ಯಾರೋ "ದಿನಾ ಏಲಕ್ಕಿ ಪುಡಿ ತಿನ್ನಿ, ಮಾತ್ರೆ ಬಿಸಾಕಿ" ಅಂತ ಕಳಿಸಿದ್ದಾರೆ. ಮೂರು ದಿನದಿಂದ ಮಾತ್ರೆ ಡಬ್ಬಿ ಮುಟ್ಟಿಲ್ಲ. ಹಬ್ಬದ ಪಾಯಸಕ್ಕೆ ತಂದಿಟ್ಟ ಏಲಕ್ಕಿ ಮಾತ್ರ ಖಾಲಿ! ಇದರಲ್ಲಿ ನಿಜ ಎಷ್ಟು?

ಮೂಡಿಗೆರೆ ತೋಟದವ:
ಅಕ್ಕಾ, ಮೊದಲು ಇವತ್ತೇ ಬಿಪಿ ನೋಡಿಸಿ. ಮಾತ್ರೆ ಬಿಟ್ಟ ವಿಷಯ ಡಾಕ್ಟರ್‌ಗೆ ಹೇಳಿ. ಉಳಿದದ್ದು ಆಮೇಲೆ ಓದಿ.

ನಾನು ಏಲಕ್ಕಿ ಬೆಳೆಯುವವನು. ತಿನ್ನಿ ತಿನ್ನಿ ಅಂದರೆ ನನಗೇ ಲಾಭ, ಅಲ್ವಾ? ಆದರೂ ಹೇಳುತ್ತೇನೆ. ಆ ಮೆಸೇಜು ಪೂರ್ತಿ ಗಾಳಿಮಾತಲ್ಲ. 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೊಸದಾಗಿ ಬಿಪಿ ಪತ್ತೆಯಾದ, ಇನ್ನೂ ಮೊದಲ ಹಂತದಲ್ಲಿದ್ದ 20 ಜನರಿಗೆ ದಿನಕ್ಕೆ 3 ಗ್ರಾಂ ಏಲಕ್ಕಿ ಪುಡಿ, 12 ವಾರ ಕೊಟ್ಟರು. ಬಿಪಿ ಇಳಿಯಿತು. ಆದರೆ 20 ಜನ ಅಂದರೆ ನಮ್ಮೂರ ಬಸ್ಸಿನ ಅರ್ಧವೂ ತುಂಬುವುದಿಲ್ಲ. ಅವರೆಲ್ಲಿ, ಆರು ವರ್ಷದಿಂದ ಮಾತ್ರೆಯಲ್ಲಿರುವ ನಿಮ್ಮ ಅತ್ತೆ ಎಲ್ಲಿ?

ಸುಮ್ನೆ ಕುತೂಹಲಕ್ಕೆ ಈಗ ತೂಗಿ ನೋಡಿದೆ. 3 ಗ್ರಾಂಗೆ ನಮ್ಮ ತೋಟದ ಕಾಯಿ 14 ಬೇಕಾಯಿತು. ನಮ್ಮಮ್ಮ ಇಡೀ ಮನೆಯ ಪಾಯಸಕ್ಕೆ ಹಾಕುವುದೇ ನಾಲ್ಕು.

ಅಮ್ಮನ ಏಲಕ್ಕಿ ಔಷಧಿ ಬೇರೆಯದೇ. ಧರ್ಮಸ್ಥಳಕ್ಕೆ ಹೊರಟರೆ ಕೊಟ್ಟಿಗೆಹಾರ ದಾಟುತ್ತಿದ್ದಂತೆ ಸೆರಗಿನ ಗಂಟು ಬಿಚ್ಚಿ ಎರಡೆರಡು ಕಾಯಿ ಕೊಡುತ್ತಿದ್ದಳು. ಚಾರ್ಮಾಡಿಯ ತಿರುವುಗಳಲ್ಲಿ ಅದನ್ನೇ ಅಗಿಯುತ್ತಾ ಕೂರಬೇಕು. ತಮ್ಮ ಆದರೂ ಒಮ್ಮೊಮ್ಮೆ ವಾಂತಿ ಮಾಡಿಕೊಳ್ಳುತ್ತಿದ್ದ, ಅದು ಬೇರೆ ಮಾತು. ಬೀಜದ ಆ ತಣ್ಣನೆ ಘಾಟಿಗೆ ಸಿನಿಯೋಲ್ ಅನ್ನುವ ಅಂಶ ಕಾರಣ. ನೀಲಗಿರಿ ಎಣ್ಣೆಯಲ್ಲೂ ಅದೇ ಇರುವುದು. ಪುಡಿ ಮಾಡಿಟ್ಟರೆ ಹಾರಿಹೋಗುತ್ತದೆ, ಕಾಯಿಯಾಗಿಯೇ ಇಡಿ.

ಶಿರಸಿ ಆಯುರ್ವೇದ ಡಾಕ್ಟರ್:
ತೋಟದವರ ಮಾತು ಸರಿ. ನಮ್ಮಲ್ಲೂ ಏಲಕ್ಕಿ ಹೆಚ್ಚಾಗಿ ಜೊತೆಗಾರ. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣವನ್ನೇ ನೋಡಿ: ಕಲ್ಲುಸಕ್ಕರೆ 16 ಪಾಲು, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ! ಶುಗರ್ ಇರುವವರು ಅದನ್ನೂ ಕೇಳದೆ ತಿನ್ನಬಾರದು. ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲಿದೆಯಾ? ಇದ್ದರೆ ಇಷ್ಟೊಂದು ಏಲಕ್ಕಿ ಬೇಡವೇ ಬೇಡ. ಊಟವಾದ ಮೇಲೆ ಒಂದು ಕಾಯಿ ಅಗಿದರೆ ಅಡ್ಡಿಯಿಲ್ಲ.

ದಾವಣಗೆರೆ ಸೊಸೆ:
ಸಂಜೆ ನೋಡಿಸಿದೆವು, 170/100. ಡಾಕ್ಟರು ಚೆನ್ನಾಗಿ ಬೈದರು, ಮಾತ್ರೆ ಮತ್ತೆ ಶುರು. ಕಲ್ಲು ಗಿಲ್ಲು ಇಲ್ಲವಂತೆ. 14 ಕಾಯಿಯ ಲೆಕ್ಕ ಓದಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತೋಟದವರ ಹತ್ತಿರ ಕೆಜಿಗೆ ಎಷ್ಟಂತೆ ಕೇಳು" ಅಂದರು.