ಸಹಾಯ ಬೇಕು: 600 ಸಿ.ಡಿ.ಗಳಿಗೆ ಯಾವ ಮ್ಯೂಸಿಕ್ ಸರ್ವರ್?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಸುಮಾರು 600 ಸಿ.ಡಿ.ಗಳಿವೆ, ಬಹುಪಾಲು ಹಿಂದೂಸ್ತಾನಿ ಗಾಯನ. ಎಲ್ಲವನ್ನೂ ಗುಣಮಟ್ಟ ಕುಗ್ಗಿಸದ ಫ್ಲ್ಯಾಕ್ ಕಡತಗಳಾಗಿ ಇಳಿಸಿಕೊಂಡು ಒಂದೇ ಪೆಟ್ಟಿಗೆಯಿಂದ ಕೇಳಬೇಕೆಂಬ ಆಸೆ.

ಸದ್ಯಕ್ಕೆ ಹಳೆಯ ಲ್ಯಾಪ್‌ಟಾಪನ್ನು ಯು.ಎಸ್.ಬಿ. ಮೂಲಕ, ಡಿಜಿಟಲ್ ಸಂಕೇತವನ್ನು ಅನಲಾಗ್ ಧ್ವನಿಸಂಕೇತವಾಗಿಸುವ ಡ್ಯಾಕ್‌ಗೆ ಜೋಡಿಸಿದ್ದೇನೆ. ರಾತ್ರಿ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದರೆ ತಂಬೂರಿಗಿಂತ ಮೊದಲು ಲ್ಯಾಪ್‌ಟಾಪಿನ ಫ್ಯಾನ್ ಶ್ರುತಿ ಹಿಡಿಯುತ್ತದೆ. ಅದನ್ನಾದರೂ ಸಹಿಸಿಕೊಂಡೇನು. ನಿಧಾನಗತಿಯ ವಿಲಂಬಿತ್ ಮುಗಿದು ವೇಗದ ದ್ರುತ್ ಶುರುವಾಗುವಲ್ಲಿ ಟ್ರ್ಯಾಕ್ ಬದಲಾಗುತ್ತದಲ್ಲ, ಅಲ್ಲಿ ಅರೆಕ್ಷಣ ತಂಬೂರಿಯೇ ಕಡಿದುಹೋಗುತ್ತದೆ! ಅಂಗಡಿಯವರನ್ನು ಕೇಳಿದರೆ 40 ಸಾವಿರದ ಕೇಬಲ್ ತೋರಿಸಿದರು. ಕೈಮುಗಿದು ಬಂದೆ.

ಎರಡು ಸರ್ವರ್‌ಗಳನ್ನು ನೋಡಿಟ್ಟಿದ್ದೇನೆ. ಇನ್ನುಯೋಸ್ ಝೆನ್‌ಮಿನಿಗೆ ಸಿ.ಡಿ. ತೂರಿಸಿದರೆ ತಾನೇ ನಕಲು ಮಾಡಿಕೊಳ್ಳುತ್ತದೆ. 600 ಬಾರಿ ಕೂರುವವನಿಗೆ ಇದು ಸಣ್ಣ ಉಪಕಾರವಲ್ಲ. ಔರೆಂಡರ್ ಎನ್ ಸರಣಿಯಲ್ಲಿ ಡ್ಯಾಕ್ ಇಲ್ಲ, ನನಗೆ ಬೇಕೂ ಇಲ್ಲ. ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಡತಗಳಿಗೆ ಜಾಗದ ಚಿಂತೆಯಿಲ್ಲ, 1 ಟಿ.ಬಿ. ಧಾರಾಳ.

ಬಳಸುತ್ತಿರುವವರು ದಯವಿಟ್ಟು ಹೇಳಿ: ಟ್ರ್ಯಾಕ್‌ಗಳ ನಡುವೆ ನಿಜಕ್ಕೂ ಬಿರುಕು ಬರುವುದಿಲ್ಲವೇ? ರಾಗದ ಹೆಸರಿನಿಂದ ಹುಡುಕಲು ಸಾಧ್ಯವೇ? ಲ್ಯಾಪ್‌ಟಾಪಿನಲ್ಲಿ ‘ಸಂಯೋಜಕ’ ಎಂಬ ಅಂಕಣದಲ್ಲಿ ರಾಗ ತುಂಬಿಸಿದ್ದೆ; ಈಗ ನನ್ನ ಪಟ್ಟಿಯಲ್ಲಿ ‘ಯಮನ್’ ಎಂಬ ಮಹಾನುಭಾವರು ನಲವತ್ತು ಬಂದಿಶ್ ರಚಿಸಿದ್ದಾರೆ.

ಅಂಗೈಯಗಲದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಸಾಕು ಎನ್ನುವವರಿದ್ದರೆ ಅದನ್ನೂ ಹೇಳಿ, ಬೇಸರವಿಲ್ಲ.